ಕೊನೆಯ ಮೂರು ಔಟ್‌ಗೆ ಎಷ್ಟು ರೊಕ್ಕ?

ಆಟದ ಪುಟ: ಮಾಸ್ತರಿಗೊಂದು ಪ್ರಶ್ನೆ

ಪ್ರಶ್ನೆ: ಮಾಸ್ತರೇ, ಮಗಳ ಮನೆಗೆ ಅಂತ ಅಮೆರಿಕದ ಮಿಲ್ವಾಕೀಗೆ ಹೋಗಿ ಬೇಸಿಗೆ ಪೂರ್ತಿ ಇದ್ದು ಬಂದೆ. ನನಗೆ ಅಲ್ಲಿ ಕಾರು ಓಡಿಸೋಕೆ ಬರಲ್ಲ, ಹೊತ್ತು ಹೋಗಲ್ಲ. ಅಳಿಯಂದಿರ ಜೊತೆ ಕೂತು ಕೂತು ಬೇಸ್‌ಬಾಲ್ ನೋಡೋ ಚಟ ಹತ್ತಿತು. ಈಗ ಊರಿಗೆ ಬಂದರೂ ಬೆಳಿಗ್ಗೆ ಚಹಾಕ್ಕಿಂತ ಮೊದಲು ಬ್ರೂವರ್ಸ್ ತಂಡದ ಸ್ಕೋರ್ ನೋಡುತ್ತೇನೆ. ನನ್ನ ತಕರಾರು ಇಷ್ಟೆ. ಈ ತಂಡದಲ್ಲಿ ಕೊನೆಯ ಇನ್ನಿಂಗ್ಸ್ ಹಾಕೋ ಒಬ್ಬ ಒಳ್ಳೆಯ ಕ್ಲೋಸರ್ ತಯಾರಾದ ಅನ್ನುವಷ್ಟರಲ್ಲಿ ಅವನನ್ನು ಮಾರಿಬಿಡುತ್ತಾರೆ. ಹೇಡರ್ ಹೋದ, ವಿಲಿಯಮ್ಸ್ ಹೋದ. ಅಳಿಯಂದಿರನ್ನು ಕೇಳಿದರೆ "ರೊಕ್ಕ ಇಲ್ಲದ ತಂಡ, ಇನ್ನೇನು ಮಾಡ್ಬೇಕು ಮಾವಾ" ಅಂತಾರೆ. ಎಂಟು ಇನ್ನಿಂಗ್ಸ್ ಮುಂದಿದ್ದು ಒಂಬತ್ತನೆಯದರಲ್ಲಿ ಸೋಲೋದು ಯಾವ ಉಳಿತಾಯ? ಬಡ ತಂಡ ದುಬಾರಿ ಕ್ಲೋಸರ್‌ಗೆ ರೊಕ್ಕ ಕೊಡಬೇಕೋ ಬೇಡವೋ, ನೀವೇ ಹೇಳಿ.
*ನಿವೃತ್ತ ಬ್ಯಾಂಕ್ ನೌಕರ, ಸಪ್ತಾಪುರ, ಧಾರವಾಡ*

ಉತ್ತರ: ಕೊಡಬಾರದು. ನನ್ನ ಓಟು ನಿಮ್ಮ ಅಳಿಯಂದಿರಿಗೆ. ಬೇಜಾರಾಗಬೇಡಿ, ನಿಮ್ಮ ಸಿಟ್ಟಿಗೂ ಒಂದು ಕಡೆ ನ್ಯಾಯ ಇದೆ, ಅಲ್ಲಿಗೂ ಬರುತ್ತೇನೆ.

ಮೊದಲು ಈ ಆಟ ನೋಡದವರಿಗೆ ಎರಡು ಮಾತು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಒಂದೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್. ಶುರುವಿನ ಐದಾರು ಇನ್ನಿಂಗ್ಸ್ ಒಬ್ಬನೇ ಪಿಚರ್, ಅಂದರೆ ನಮ್ಮ ಬೌಲರ್ ಥರದವನು, ಎಸೆಯುತ್ತಾನೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಒಂದೊಂದು ಇನ್ನಿಂಗ್ಸ್ ಹಾಕಿ ಹೋಗುತ್ತಾರೆ. ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ತಂಡ ಒಂದೆರಡು ರನ್ ಮುಂದಿದ್ದಾಗ ಒಂಬತ್ತನೆಯ ಇನ್ನಿಂಗ್ಸ್‌ಗೆ ಬಂದು ಕೊನೆಯ ಮೂರು ಔಟ್ ತೆಗೆದು ಪಂದ್ಯ ಮುಗಿಸುವವನೇ ಕ್ಲೋಸರ್. ಹದಿನೈದು-ಇಪ್ಪತ್ತು ಎಸೆತದ ಕೆಲಸ. ಬರುವಾಗ ಲೈಟು ಆರಿಸಿ ಹಾಡು ಹಾಕುತ್ತಾರೆ, ಜನ ಎದ್ದು ನಿಲ್ಲುತ್ತಾರೆ. ನೋಡೋಕೆ ಭಾರಿ ಇರುತ್ತದೆ, ಅದನ್ನು ಒಪ್ಪುತ್ತೇನೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಹತ್ತಿರ ಹತ್ತಿರ 1,450 ಇನ್ನಿಂಗ್ಸ್ ಎಸೆಯಬೇಕು. ಕ್ಲೋಸರ್ ಎಸೆಯೋದು 60ರಿಂದ 70. ನೂರಕ್ಕೆ ಐದೂ ಆಗಲಿಲ್ಲ. ಇನ್ನೊಂದು ವಿಷಯ: ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿರುವ ತಂಡ ನೂರರಲ್ಲಿ ಸುಮಾರು 95 ಸಲ ಗೆಲ್ಲುತ್ತದೆ. ಕ್ಲೋಸರ್ ಅನ್ನೋ ಹುದ್ದೆಯೇ ಇಲ್ಲದ ಕಾಲದಲ್ಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಒಂದೇ ರನ್ ಮುಂದಿದ್ದರೆ ಅದು 85ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಅಂದರೆ ಸಾಧಾರಣ ಪಿಚರ್ ಕೈಗೆ ಚೆಂಡು ಕೊಟ್ಟರೂ ಬಹಳಷ್ಟು ಪಂದ್ಯ ಗೆಲ್ಲುತ್ತೀರಿ. ದುಬಾರಿ ಮನುಷ್ಯನಿಂದ ನಿಮಗೆ ಸಿಗೋದು ಉಳಿದ ಆ ಸ್ವಲ್ಪದರಲ್ಲಿ ಒಂದು ಪಾಲು.

ಆ ಪಾಲಿಗೆ ಬೆಲೆ ಎಷ್ಟು? ಜಾಶ್ ಹೇಡರ್ 2024ರ ಜನವರಿಯಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಜೊತೆ 5 ವರ್ಷಕ್ಕೆ 9.5 ಕೋಟಿ ಡಾಲರ್‌ಗೆ ಸಹಿ ಹಾಕಿದ. ವರ್ಷಕ್ಕೆ 1.9 ಕೋಟಿ. 2025ರಲ್ಲಿ ಅಲ್ಲಿಯ ಆಟಗಾರನ ಕನಿಷ್ಠ ಸಂಬಳ 7.6 ಲಕ್ಷ ಡಾಲರ್. ಭಾಗಿಸಿ ನೋಡಿ, ಸರಿಯಾಗಿ 25 ಬರುತ್ತದೆ. ತಂಡದಲ್ಲಿ ಇರೋದೇ 26 ಜನ. ಬ್ಯಾಂಕಿನಲ್ಲಿ ಇದ್ದವರಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈಗ ನಿಮ್ಮ ಬ್ರೂವರ್ಸ್ ಖಾತೆ ತೆಗೆಯೋಣ. ಹೇಡರ್ ಈ ತಂಡಕ್ಕೆ ಸಿಕ್ಕಿದ್ದು 2015ರಲ್ಲಿ, ಇದೇ ಹ್ಯೂಸ್ಟನ್‌ನಿಂದ. ಕಾರ್ಲೋಸ್ ಗೋಮೆಜ್ ಮತ್ತು ಮೈಕ್ ಫಿಯರ್ಸ್‌ನನ್ನು ಕೊಟ್ಟು ತಂದ ಹುಡುಗರಲ್ಲಿ ಅವನೊಬ್ಬ. ಬೆಳೆಸಿದರು, ದೊಡ್ಡ ಹೆಸರಾಯಿತು. 2022ರ ಆಗಸ್ಟ್ 1ರಂದು ಸ್ಯಾನ್ ಡಿಯಾಗೊ ಪಾಡ್ರೆಸ್‌ಗೆ ಕೊಟ್ಟುಬಿಟ್ಟರು. ಆಗ ಬ್ರೂವರ್ಸ್ ತಮ್ಮ ಗುಂಪಿನಲ್ಲಿ ಮೊದಲ ಸ್ಥಾನದಲ್ಲಿದ್ದರು! ಋತು ಮುಗಿದಾಗ 86 ಗೆಲುವು. 87 ಗೆದ್ದ ಫಿಲಡೆಲ್ಫಿಯಾ ಫಿಲೀಸ್ ಕೊನೆಯ ಜಾಗ ಹಿಡಿದು ನಾಕೌಟ್ ಹಂತಕ್ಕೆ ಹೋಯಿತು, ಹೋಗಿ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ ತನಕ ಆಡಿತು. ನಿಮ್ಮ ಸಿಟ್ಟಿಗೆ ನ್ಯಾಯ ಇದೆ ಅಂದೆನಲ್ಲ, ಅದು ಇಲ್ಲಿ. ಮುಂದೆ ಓಡುತ್ತಿರುವ ತಂಡ ನಡುದಾರಿಯಲ್ಲಿ ತನ್ನ ಒಳ್ಳೆಯ ಆಟಗಾರನನ್ನು ಮಾರಿದರೆ ಉಳಿದವರ ಮನಸ್ಸಿಗೆ ಏನಾಗಬೇಡ? ಮಾರೋದು ತಪ್ಪಲ್ಲ. ಆಗಸ್ಟ್‌ನಲ್ಲಿ ಮಾರಿದ್ದು ತಪ್ಪು. ಡಿಸೆಂಬರ್‌ ತನಕ ಕಾಯಬಹುದಿತ್ತು.

ಆದರೆ ಖಾತೆಯ ಇನ್ನೊಂದು ಪುಟವೂ ಇದೆ. ಹೇಡರ್ ಬದಲಿಗೆ ಬಂದವರಲ್ಲಿ ಎಸ್ಟೆವರಿ ರೂಯಿಜ್ ಅಂತ ಒಬ್ಬನಿದ್ದ. ಅವನನ್ನು ಅದೇ ಡಿಸೆಂಬರ್‌ನಲ್ಲಿ ಮೂರು ತಂಡಗಳ ಅದಲುಬದಲಿನಲ್ಲಿ ಬಿಟ್ಟುಕೊಟ್ಟು ವಿಲಿಯಂ ಕಾಂಟ್ರೆರಾಸ್‌ನನ್ನು ತಂದರು. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಥರ, ಜೊತೆಗೆ ಒಳ್ಳೆಯ ಬ್ಯಾಟ್. ದಿನಾ ಆಡುವವನು. ಒಂಬತ್ತನೆಯ ಇನ್ನಿಂಗ್ಸ್ ಡೆವಿನ್ ವಿಲಿಯಮ್ಸ್ ಪಾಲಿಗೆ ಬಂತು. ಅವನಿಗೂ ಬೆಲೆ ಏರುವ ಹೊತ್ತಾದಾಗ, 2024ರ ಡಿಸೆಂಬರ್‌ನಲ್ಲಿ, ಯಾಂಕೀಸ್‌ಗೆ ಕೊಟ್ಟರು. ಅಲ್ಲಿ ಏಪ್ರಿಲ್ ಮುಗಿಯೋದರೊಳಗೆ ಅವನ ಕ್ಲೋಸರ್ ಕೆಲಸ ಹೋಯಿತು. ಇತ್ತ ಬದಲಿಗೆ ಬಂದ ಕೇಲೆಬ್ ಡರ್ಬಿನ್ ಬ್ರೂವರ್ಸ್‌ನ ಮೂರನೆಯ ಬೇಸ್ ಕಾಯುವ ಫೀಲ್ಡರ್ ಆಗಿ ಆ ವರ್ಷ ಕಾಯಂ ಆದ. ಕ್ಲೋಸರ್ ಯಾರು? ಟ್ರೆವರ್ ಮೆಗಿಲ್. 2023ರಲ್ಲಿ ಮಿನೆಸೋಟದವರು ಹೆಚ್ಚು ಕಡಿಮೆ ಪುಕ್ಕಟೆ ಬಿಟ್ಟುಕೊಟ್ಟಿದ್ದ ಆಳು. 2025ರಲ್ಲಿ 30 ಪಂದ್ಯ ಕಾಯ್ದ. ತಂಡ 97 ಗೆದ್ದಿತು. ಆ ವರ್ಷ ಇಡೀ ಲೀಗ್‌ನಲ್ಲಿ ಅದಕ್ಕಿಂತ ಜಾಸ್ತಿ ಗೆದ್ದವರಿಲ್ಲ.

ಹಾವೇರಿ ದನದ ಸಂತೆಗೆ ಹೋದವರಿಗೆ ಇದು ಗೊತ್ತಿರುವ ವ್ಯವಹಾರ. ಕೈಯಲ್ಲಿ ಕಾಸು ಕಡಿಮೆ ಇರೋ ರೈತ ಎಳೆಯ ಹೋರಿ ತರುತ್ತಾನೆ, ಪಳಗಿಸಿ ಒಂದೆರಡು ಹಂಗಾಮು ದುಡಿಸುತ್ತಾನೆ, ಬಾಯಿಗೂಡುವ ಮೊದಲು ಒಳ್ಳೆಯ ರೇಟಿಗೆ ಮಾರುತ್ತಾನೆ. ಮನುಷ್ಯರನ್ನು ಹೀಗೆ ಕೊಟ್ಟು ತರೋದು ನನಗೂ ಅಷ್ಟಾಗಿ ಸೇರಲ್ಲ. ಆದರೆ ಆ ಲೀಗ್ ನಡೆಯೋದೇ ಹಾಗೆ.

"ಆದರೂ ಡಾಡ್ಜರ್ಸ್ ಕೈಲಿ ಸೋತರಲ್ಲ" ಅಂತ ನೀವು ಕೇಳುತ್ತೀರಿ. ಸೋತರು. 2025ರ ಅಕ್ಟೋಬರ್, ಸೆಮಿಫೈನಲ್‌ ಅನ್ನಬಹುದಾದ ಸರಣಿ, ನಾಲ್ಕಕ್ಕೆ ನಾಲ್ಕೂ ಪಂದ್ಯ. ಆ ನಾಲ್ಕು ಪಂದ್ಯದಲ್ಲಿ ಬ್ರೂವರ್ಸ್ ಹೊಡೆದ ರನ್ ನೋಡಿ: ಒಂದು, ಒಂದು, ಒಂದು, ಒಂದು. ಹೇಡರ್ ಇದ್ದಿದ್ದರೂ ಏನು ಮಾಡುತ್ತಿದ್ದ? ಕಾಯೋದಕ್ಕೆ ಮುನ್ನಡೆ ಬೇಕಲ್ಲ. ಅಲ್ಲಿ ಬೇಕಿದ್ದದ್ದು ಇನ್ನೊಬ್ಬ ಬ್ಯಾಟ್ಸ್‌ಮನ್. ವರ್ಷಕ್ಕೆ 1.9 ಕೋಟಿ ಕ್ಲೋಸರ್ ಜೇಬಿಗೆ ಹೋಗಿದ್ದರೆ ಇದ್ದ ಬ್ಯಾಟ್ಸ್‌ಮನ್‌ಗಳಲ್ಲೂ ಒಬ್ಬಿಬ್ಬರು ಕಡಿಮೆಯಾಗುತ್ತಿದ್ದರು.

ಗೆದ್ದ ಡಾಡ್ಜರ್ಸ್ ಕಥೆ ಇನ್ನೂ ಮಜಾ. ಅವರ ಸಂಬಳದ ಪಟ್ಟಿ 30 ಕೋಟಿ ಡಾಲರ್ ದಾಟಿತ್ತು, ಬ್ರೂವರ್ಸ್‌ದು ಅದರ ಅರ್ಧವೂ ಇಲ್ಲ. ರೊಕ್ಕಕ್ಕೆ ಬರವಿಲ್ಲ ಅಂತ ಟ್ಯಾನರ್ ಸ್ಕಾಟ್ ಅನ್ನುವ ಕ್ಲೋಸರ್‌ನನ್ನು 4 ವರ್ಷಕ್ಕೆ 7.2 ಕೋಟಿಗೆ ಕೊಂಡಿದ್ದರು. ಅವನು ಆ ಋತುವಿನಲ್ಲಿ 10 ಮುನ್ನಡೆ ಕೈಚೆಲ್ಲಿದ. ವರ್ಲ್ಡ್ ಸೀರೀಸ್ ಬಂದಾಗ ತಂಡದಲ್ಲೇ ಇರಲಿಲ್ಲ. ಏಳನೆಯ ಪಂದ್ಯದ ಕೊನೆಯ ಔಟುಗಳನ್ನು ತೆಗೆದದ್ದು ಯಾಮಾಮೊಟೊ. ಅವನು ಕ್ಲೋಸರ್ ಅಲ್ಲವೇ ಅಲ್ಲ, ಹಿಂದಿನ ದಿನವಷ್ಟೇ ಆರನೆಯ ಪಂದ್ಯ ಶುರು ಮಾಡಿಕೊಟ್ಟಿದ್ದವನು.

ಆ ಏಳನೆಯ ಪಂದ್ಯ ನಮಗೆ ಭಾನುವಾರ ಬೆಳಿಗ್ಗೆ ಬಂತು, 2025ರ ನವೆಂಬರ್ 2. ಅದೇ ದಿನ ರಾತ್ರಿ ನಮ್ಮ ಹೆಣ್ಣುಮಕ್ಕಳು ನವಿ ಮುಂಬೈನಲ್ಲಿ ವಿಶ್ವಕಪ್ ಗೆದ್ದರು, ಹಾಗಾಗಿ ಬೇಸ್‌ಬಾಲ್ ಸುದ್ದಿ ಇಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನಾನು ವಿದ್ಯಾನಗರದ ಮನೆಯಲ್ಲಿ ಬೆಳಗಿನಿಂದ ಅದನ್ನೇ ನೋಡುತ್ತಿದ್ದೆ. ಟೊರಾಂಟೊ 4, ಡಾಡ್ಜರ್ಸ್ 3. ಒಂಬತ್ತನೆಯ ಇನ್ನಿಂಗ್ಸ್, ಒಂದು ಔಟ್ ಆಗಿದೆ. ಇನ್ನೆರಡು ಔಟ್ ಆದರೆ ಟೊರಾಂಟೊಗೆ ಕಪ್. ಎಸೆಯುತ್ತಿರೋದು ಅವರ ಕ್ಲೋಸರ್ ಜೆಫ್ ಹಾಫ್‌ಮನ್, 3 ವರ್ಷಕ್ಕೆ 3.3 ಕೋಟಿಯ ಆಸಾಮಿ. ಬ್ಯಾಟ್ ಹಿಡಿದಿರೋದು ಮಿಗೆಲ್ ರೋಹಾಸ್. ವಯಸ್ಸು 36, ಫೀಲ್ಡಿಂಗ್‌ಗೆ ಹೆಸರಾದವನು, ದೊಡ್ಡ ಹೊಡೆತಕ್ಕಲ್ಲ. ಹೊಡೆದ ನೋಡಿ, ಚೆಂಡು ಎಡಗಡೆ ಗೋಡೆ ದಾಟಿ ಜನರ ನಡುವೆ ಬಿತ್ತು. ಪಂದ್ಯ ಸಮ. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ 5-4ರಲ್ಲಿ ಗೆದ್ದರು.

ಇದನ್ನು ನೋಡಿ ನೀವು "ಇನ್ನೂ ಒಳ್ಳೆಯ ಕ್ಲೋಸರ್ ಇರಬೇಕಿತ್ತು" ಅನ್ನಬಹುದು, ನಾನು "ರೊಕ್ಕ ಕೊಟ್ಟರೂ ಗ್ಯಾರಂಟಿ ಇಲ್ಲ" ಅನ್ನಬಹುದು. ಇಬ್ಬರದೂ ಸರಿ. ಕೊನೆಯಲ್ಲಿ ಸೋತರೆ ಹೊಟ್ಟೆ ಉರಿಯುತ್ತದೆ. ಎರಡನೆಯ ಇನ್ನಿಂಗ್ಸ್‌ನಲ್ಲಿ ಕೊಟ್ಟ ಮೂರು ರನ್ ಯಾರಿಗೂ ನೆನಪಿರಲ್ಲ. ಮಾಲೀಕರೂ ಮನುಷ್ಯರೇ, ಆ ಉರಿಗೇ ಚೆಕ್ ಬರೆಯುತ್ತಾರೆ.

ನನಗೆ ಸಂಬಳಕ್ಕಿಂತ ಭಯ ಹುಟ್ಟಿಸೋದು ಕರಾರಿನ ವರ್ಷಗಳು. ವೇಡ್ ಡೇವಿಸ್‌ನನ್ನು ನೋಡಿ. ಕ್ಯಾನ್ಸಸ್ ಸಿಟಿ ರಾಯಲ್ಸ್ ಅಂತ ಸಣ್ಣ ಊರಿನ ತಂಡ. ಪಂದ್ಯ ಶುರು ಮಾಡುವ ಪಿಚರ್ ಆಗಿ ಸೋತಿದ್ದ ಇವನನ್ನು ಅವರು ಒಂದೊಂದೇ ಇನ್ನಿಂಗ್ಸ್‌ಗೆ ಹಾಕಿದರು, ಬೆಂಕಿಯಾದ. 2015ರಲ್ಲಿ ಅವರ ಕ್ಲೋಸರ್ ಗ್ರೆಗ್ ಹಾಲೆಂಡ್‌ನ ಮೊಣಕೈ ಹೋದಾಗ ಡೇವಿಸ್ ಆ ಜಾಗಕ್ಕೆ ಬಂದ, ರಾಯಲ್ಸ್ ವರ್ಲ್ಡ್ ಸೀರೀಸ್ ಗೆದ್ದರು. ಮುಂದಿನ ವರ್ಷದ ಕೊನೆಗೆ ಅವನನ್ನು ಕಬ್ಸ್‌ಗೆ ಕೊಟ್ಟು ಹೋರ್ಹೆ ಸೊಲೇರ್‌ನನ್ನು ತಂದರು. ಸೊಲೇರ್ 2019ರಲ್ಲಿ 48 ಹೋಮ್‌ರನ್ (ಗೋಡೆ ದಾಟುವ ಹೊಡೆತ, ನಮ್ಮ ಸಿಕ್ಸರ್ ಥರ) ಹೊಡೆದ. ಡೇವಿಸ್‌ಗೆ ಕೊಲರಾಡೊ ರಾಕೀಸ್ 3 ವರ್ಷಕ್ಕೆ 5.2 ಕೋಟಿ ಕೊಟ್ಟಿತು. ಮೊದಲ ವರ್ಷ 43 ಸೇವ್ (ಮುನ್ನಡೆ ಕಾಯ್ದು ಮುಗಿಸಿದ ಪಂದ್ಯ), ತಮ್ಮ ಲೀಗ್‌ನಲ್ಲೇ ಮೊದಲಿಗ. ಎರಡನೆಯ ವರ್ಷ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 8.65 ರನ್ ಕೊಟ್ಟ. ಮೂರನೆಯ ವರ್ಷ ತಂಡದಿಂದ ಬಿಟ್ಟೇಬಿಟ್ಟರು. ಭುಜ, ಮೊಣಕೈ, ಬೆನ್ನು, ಯಾವುದು ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಎಡ್ವಿನ್ ಡಿಯಾಜ್ ಅಂತೂ ಎಸೆಯುವಾಗಲೂ ಅಲ್ಲ. ಈ ಕ್ಲೋಸರ್ 2022ರಲ್ಲಿ ನ್ಯೂಯಾರ್ಕ್ ಮೆಟ್ಸ್ ಜೊತೆ 5 ವರ್ಷಕ್ಕೆ 10.2 ಕೋಟಿಗೆ ಸಹಿ ಹಾಕಿದ. 2023ರ ಮಾರ್ಚ್‌ನಲ್ಲಿ ತನ್ನ ತವರಿನ ಪೋರ್ಟೊರಿಕೊ ತಂಡ ಗೆದ್ದ ಖುಷಿಗೆ ಗೆಳೆಯರ ಜೊತೆ ಕುಣಿಯುತ್ತಾ ಮೊಣಕಾಲು ಕೆಡಿಸಿಕೊಂಡ. ಆ ವರ್ಷ ಪೂರ್ತಿ ಮನೆಯಲ್ಲಿ. ಮೆಟ್ಸ್ ಮಾಲೀಕ ದೊಡ್ಡ ಸಿರಿವಂತ, ತಡೆದುಕೊಂಡ. ಮಿಲ್ವಾಕೀಗೆ ಹೀಗಾಗಿದ್ದರೆ ಐದು ವರ್ಷ ಏಳುತ್ತಿರಲಿಲ್ಲ.

ಹಾಗಾದರೆ ಯಾವತ್ತೂ ಕೊಡಬಾರದಾ? ಒಂದು ವರ್ಷದ ಕರಾರಾದರೆ, ತಂಡ ಕಪ್ಪಿನ ಹತ್ತಿರ ಇದೆ ಅನ್ನೋದು ಖಾತ್ರಿಯಿದ್ದರೆ, ಬ್ಯಾಟಿಂಗ್‌ನಿಂದ ಕಿತ್ತು ಕೊಡೋದು ಇಲ್ಲ ಅಂದರೆ ಕೊಡಲಿ. ಮೂರಲ್ಲಿ ಒಂದು ತಪ್ಪಿದರೂ ಬೇಡ.

ಪ್ರಶ್ನೆ: ಸರ್, ಬೇಸ್‌ಬಾಲ್‌ನಲ್ಲಿ "ಸೇವ್" ಅಂದರೇನು? ಕ್ರಿಕೆಟ್‌ನಲ್ಲಿ ಕೊನೆಯ ಓವರ್ ಹಾಕಿದವನಿಗೆ ಇಂಥ ಅಂಕ ಯಾಕೆ ಇಲ್ಲ?
*ಪಿಯುಸಿ ವಿದ್ಯಾರ್ಥಿ, ಬೆಟಗೇರಿ, ಗದಗ*

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ಮೇಲಿನ ರೊಕ್ಕದ ರಗಳೆಗೆಲ್ಲ ಮೂಲ ಈ "ಸೇವ್".

ಚಿಕಾಗೊದ ಕ್ರೀಡಾ ಬರಹಗಾರ ಜೆರೋಮ್ ಹೋಲ್ಟ್ಜ್‌ಮನ್ ಇದನ್ನು ಹುಟ್ಟುಹಾಕಿದರು. ನಡುವೆ ಬಂದು ಪಂದ್ಯ ಉಳಿಸುವವನಿಗೆ ಲೆಕ್ಕದಲ್ಲಿ ಏನೂ ಸಿಗಲ್ಲ ಅನ್ನೋದು ಅವರ ಬೇಸರ. 1969ರಿಂದ ಅಧಿಕೃತ ಲೆಕ್ಕಕ್ಕೆ ಸೇರಿತು. ನಿಯಮ ಸುಮಾರಾಗಿ ಹೀಗೆ: ನಿನ್ನ ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುಂದಿರುವಾಗ ಬಂದು, ಒಂದು ಇನ್ನಿಂಗ್ಸ್ ಆದರೂ ಎಸೆದು, ಮುನ್ನಡೆ ಬಿಡದೆ ಪಂದ್ಯ ಮುಗಿಸಿದರೆ ನಿನಗೆ ಒಂದು ಸೇವ್. ಮೂರು ರನ್ ಮುಂದಿದ್ದಾಗ ಬಂದು ಎರಡು ರನ್ ಕೊಟ್ಟರೂ ಸೇವ್ ಸೇವೇ! ಏಳನೆಯ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ಮೇಲೆ ಎದುರಾಳಿ ಓಟಗಾರರು ನಿಂತಿದ್ದಾಗ ಬಂದು ಮೂವರು ಬ್ಯಾಟ್ಸ್‌ಮನ್‌ಗಳನ್ನು ಔಟ್ ಮಾಡಿ ಪಂದ್ಯ ಉಳಿಸಿ ಹೋದವನಿಗೆ ಇದು ಸಿಗಲ್ಲ, ಯಾಕೆಂದರೆ ಪಂದ್ಯ ಮುಗಿಸಿದವನು ಅವನಲ್ಲ. ನಿಜಕ್ಕೂ ಉಳಿಸಿದವನು ಅವನು ತಾನೇ?

1988ರ ಹೊತ್ತಿಗೆ ಓಕ್ಲೆಂಡ್‌ನ ಮ್ಯಾನೇಜರ್ ಟೋನಿ ಲಾ ರುಸ್ಸಾ ಡೆನ್ನಿಸ್ ಎಕರ್ಸ್ಲಿಯನ್ನು ಹೆಚ್ಚಾಗಿ ಒಂಬತ್ತನೆಯ ಇನ್ನಿಂಗ್ಸ್‌ಗೆ ಮಾತ್ರ ಇಳಿಸತೊಡಗಿದ. ಎಕರ್ಸ್ಲಿ ಬೇರೆ ತಂಡ ಸಾಕು ಅಂತ ಬಿಟ್ಟುಕೊಟ್ಟಿದ್ದ, ವಯಸ್ಸಾಗುತ್ತಿದ್ದ ಪಿಚರ್. 1992ರಲ್ಲಿ 51 ಸೇವ್ ಮಾಡಿ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನೂ ಒಯ್ದ. ಎಲ್ಲರೂ ಅದನ್ನೇ ನಕಲು ಮಾಡಿದರು. ಸೇವ್ ಜಾಸ್ತಿ ಇದ್ದವನಿಗೆ ಸಂಬಳ ಜಾಸ್ತಿ ಆಯಿತು. ಒಂದು ಅಂಕಕ್ಕೋಸ್ಕರ ಒಂದು ಹುದ್ದೆ, ಆ ಹುದ್ದೆಗೊಂದು ಬೆಲೆ.

ಇದೇ ಓಕ್ಲೆಂಡ್ ಮುಂದೆ ಆ ಬೆಲೆಯನ್ನೇ ವ್ಯಾಪಾರ ಮಾಡಿಕೊಂಡಿತು. 1999ರಲ್ಲಿ ತಮ್ಮ ಕ್ಲೋಸರ್ ಬಿಲ್ಲಿ ಟೇಲರ್‌ನನ್ನು ಕೊಟ್ಟು ಇಸ್ರಿಂಗ್‌ಹೌಸನ್‌ನನ್ನು ತಂದರು. ಅವನು ದುಬಾರಿಯಾಗಿ ಬಿಟ್ಟುಹೋದಾಗ ಬಿಲ್ಲಿ ಕಾಕ್. 2002ರಲ್ಲಿ ಕಾಕ್ 44 ಸೇವ್ ಮಾಡಿದ ಮೇಲೆ ಅವನನ್ನು ಕೊಟ್ಟು ಕೀತ್ ಫೋಕ್. ಅವನೂ ಮುಂದಿನ ವರ್ಷ 43. ಆಳು ಬದಲಾದರೂ ಸೇವ್ ಲೆಕ್ಕ ಬದಲಾಗಲಿಲ್ಲ. 2002ರಲ್ಲಿ ಓಕ್ಲೆಂಡ್ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ 103 ಪಂದ್ಯ ಗೆದ್ದಿತು. ಅದರ ಮೂರು ಪಟ್ಟು ಖರ್ಚು ಮಾಡಿದ ಯಾಂಕೀಸ್ ಕೂಡ ಗೆದ್ದದ್ದು 103.

ಈ ಅಂಕದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಅಂದರೆ, 2016ರ ಅಕ್ಟೋಬರ್ 4, ಟೊರಾಂಟೊದಲ್ಲಿ ನಾಕೌಟ್ ಪಂದ್ಯ. ಬಾಲ್ಟಿಮೋರ್ ತಂಡದ ಕ್ಲೋಸರ್ ಜಾಕ್ ಬ್ರಿಟನ್ ಆ ವರ್ಷ 47 ಅವಕಾಶದಲ್ಲಿ 47 ಸೇವ್ ಮಾಡಿದ್ದ. ಸ್ಕೋರ್ 2-2. ಎಂಟು, ಒಂಬತ್ತು, ಹತ್ತು ಇನ್ನಿಂಗ್ಸ್ ಕಳೆಯಿತು. ಆಡುತ್ತಿರೋದು ಪರಸ್ಥಳದಲ್ಲಿ, ಮುನ್ನಡೆ ಬಂದ ಮೇಲೆ ಅವನನ್ನು ಇಳಿಸೋಣ ಅಂತ ಮ್ಯಾನೇಜರ್ ಕಾಯುತ್ತಾ ಕೂತರು. ಬೇರೆಯವರೆಲ್ಲ ಎಸೆದರು. ಹನ್ನೊಂದನೆಯದರಲ್ಲಿ ಟೊರಾಂಟೊದ ಎನ್‌ಕಾರ್ನಾಸಿಯನ್ ಮೂರು ರನ್ನಿನ ಹೋಮ್‌ರನ್ ಹೊಡೆದ, ವರ್ಷ ಮುಗಿಯಿತು. ಆ ವರ್ಷದ ಅತಿ ಒಳ್ಳೆಯ ಕ್ಲೋಸರ್ ಒಂದು ಎಸೆತವನ್ನೂ ಎಸೆಯದೆ ಬ್ಯಾಗ್ ಕಟ್ಟಿದ.

ಕ್ರಿಕೆಟ್‌ನಲ್ಲಿ ಇಂಥ ಅಂಕ ಇಲ್ಲದಿರೋದೇ ಒಳ್ಳೆಯದು. ಸುಮ್ನೆ ಕೇಳಿದ್ದೀಯ ಅಂದುಕೊಳ್ಳುತ್ತೇನೆ. ಐಪಿಎಲ್‌ನವರ ಕಿವಿಗೆ ಹಾಕಬೇಡ.

ಪ್ರಶ್ನೆ: ಬೌಲರ್‌ಗೆ ಜಾಸ್ತಿ ದುಡ್ಡು ಹಾಕಬಾರದು ಅಂತ ನೀವು ಹೋದ ಸಂಚಿಕೆಯಲ್ಲೂ ಬರೆದಿದ್ದಿರಿ. ಮಿಚೆಲ್ ಸ್ಟಾರ್ಕ್‌ಗೆ ಕೆಕೆಆರ್ 24.75 ಕೋಟಿ ಕೊಟ್ಟು ಕಪ್ ಗೆಲ್ಲಲಿಲ್ವಾ?
*ಕೇಶ್ವಾಪುರ, ಹುಬ್ಬಳ್ಳಿ*

ಉತ್ತರ: ಗೆದ್ದರು, 2024ರಲ್ಲಿ. ಆದರೆ ಸ್ಟಾರ್ಕ್ ಗೆಲ್ಲಿಸಿದ್ದು ಕೊನೆಯ ಓವರ್‌ಗಳಲ್ಲಿ ಅಲ್ಲ. ಲೀಗ್ ಹಂತದಲ್ಲಿ ಅವನು ಚೆನ್ನಾಗಿಯೇ ಹೊಡೆಸಿಕೊಂಡ. ಮೊದಲ ಕ್ವಾಲಿಫೈಯರ್‌ನಲ್ಲಿ ಶುರುವಿಗೇ ಟ್ರಾವಿಸ್ ಹೆಡ್ ಬೌಲ್ಡ್. ಫೈನಲ್‌ನ ಮೊದಲ ಓವರ್‌ನಲ್ಲಿ ಅಭಿಷೇಕ್ ಶರ್ಮಾ ಬೌಲ್ಡ್. ಹೊಸ ಚೆಂಡಿನಲ್ಲೇ ಹೈದರಾಬಾದ್‌ನ ಬಾಗಿಲು ಹಾಕಿದ.

ಇನ್ನೆರಡು ವ್ಯತ್ಯಾಸ ಗಮನಿಸಿ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಚೀಲ, ಆ ವರ್ಷ 100 ಕೋಟಿ. ಅಮೆರಿಕದಲ್ಲಿ ಹಾಗಿಲ್ಲ, ಉಳ್ಳವರು ದಂಡ ಕಟ್ಟಿಯಾದರೂ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಮತ್ತೆ, ಕೆಕೆಆರ್ ಒಂದೇ ಋತು ಇಟ್ಟುಕೊಂಡು ಸ್ಟಾರ್ಕ್‌ನನ್ನು ಬಿಟ್ಟಿತು. ಮುಂದಿನ ಹರಾಜಿನಲ್ಲಿ ದೆಹಲಿ ಅವನನ್ನು 11.75 ಕೋಟಿಗೆ ತಗೊಂಡಿತು. ಒಂದು ವರ್ಷದ ಕರಾರಿಗೆ ನನ್ನ ತಕರಾರಿಲ್ಲ ಅಂತ ಮೇಲೆಯೇ ಹೇಳಿದ್ದೇನೆ.

ಪ್ರಶ್ನೆ: ನಮ್ಮೂರಲ್ಲಿ ಜಾತ್ರೆ ಹೊತ್ತಿಗೆ ಟೆನಿಸ್ ಬಾಲ್ ಟೂರ್ನಮೆಂಟ್ ಇರುತ್ತದೆ. 8 ಓವರ್ ಪಂದ್ಯ. ಹುಡುಗರು ಪಟ್ಟಿ ಎತ್ತಿ 18 ಸಾವಿರ ಕೂಡಿಸಿದ್ದಾರೆ. ಕೊನೆಯ ಎರಡು ಓವರ್ ಹಾಕೋಕೆ ಹೊರಗಿನ ಪ್ಲೇಯರ್ ಒಬ್ಬ 6 ಸಾವಿರ ಕೇಳ್ತಾನೆ. ಯಾರ್ಕರ್ ಚೆನ್ನಾಗಿ ಹಾಕ್ತಾನೆ. ಕೊಡೋಣವಾ?
*ತಂಡದ ಕ್ಯಾಪ್ಟನ್, ಹಾವೇರಿ ತಾಲ್ಲೂಕು*

ಉತ್ತರ: ಬೇಸ್‌ಬಾಲ್‌ಗೆ ಬೇಡ ಅಂದ ಮನುಷ್ಯ ನಿಮಗೆ ಕೊಡಿ ಅಂತಾನಲ್ಲ ಅನ್ನಬೇಡಿ. ಲೆಕ್ಕವೇ ಬೇರೆ. 8 ಓವರ್‌ನಲ್ಲಿ 2 ಓವರ್ ಅಂದರೆ ಕಾಲು ಭಾಗ ಬೌಲಿಂಗ್. ಅಲ್ಲಿಯ ಕ್ಲೋಸರ್ ಇಡೀ ವರ್ಷ ಎಸೆದರೂ ನೂರಕ್ಕೆ ಐದು ಮುಟ್ಟಲ್ಲ. ನಿಮ್ಮವನಿಗೆ ಪ್ರತಿ ಪಂದ್ಯದಲ್ಲೂ 25. ಹಾಗಾಗಿ ರೊಕ್ಕದ ಮೂರನೇ ಒಂದು ಪಾಲು ತೀರಾ ಅನ್ಯಾಯವೇನಲ್ಲ.

ಆದರೆ ಎಂಟ್ರಿ ಫೀ, ಟೆಂಪೊ ಬಾಡಿಗೆ, ಚೆಂಡು, ಊಟ ಕಳೆದು ನೋಡಿ. ಉಳಿದರೆ ಮಾತ್ರ. ಜೆರ್ಸಿ ಬೇಕಾದರೆ ಹಳೆಯದನ್ನೇ ಹಾಕಿಕೊಳ್ಳಿ, ಬೆನ್ನ ಮೇಲಿನ ಹೆಸರು ಕ್ಯಾಚ್ ಹಿಡಿಯಲ್ಲ. ಆರು ಸಾವಿರ ಒಂದೇ ಸಲ ಕೈಗೆ ಕೊಡಬೇಡಿ. ಪಂದ್ಯಕ್ಕಿಷ್ಟು ಅಂತ ಮಾತಾಡಿ, ಮೊದಲ ಸುತ್ತಿನಲ್ಲೇ ಹೊರಗೆ ಬಿದ್ದರೆ ಉಳಿದದ್ದು ನಿಮ್ಮ ಹತ್ತಿರ ಇರಲಿ.

ಮುಖ್ಯವಾದದ್ದು ಇದು: ಅವನ ಎರಡೂ ಓವರ್ ಕೊನೆಗೇ ಇಡಬೇಡಿ. ನಾನು ಹುಬ್ಬಳ್ಳಿ ನೆಹರೂ ಮೈದಾನದಲ್ಲಿ ಸ್ಕೋರ್ ಬುಕ್ ಹಿಡಿದು ಕೂತ ಕಾಲದಿಂದ ನೋಡಿದ್ದೇನೆ. ಕೊನೆಯ ಓವರ್‌ನ ಚೌಕದಲ್ಲಿ ಸೊನ್ನೆ, ಒಂದು, ಚುಕ್ಕಿ ಚೆಂದಾಗಿ ಬರೆದಿರುತ್ತೇವೆ, ಎದುರಾಳಿಗೆ ಬೇಕಿದ್ದದ್ದು ಮಾತ್ರ ನಾಲ್ಕೇ ರನ್. ಪಂದ್ಯ ಐದನೆಯ ಓವರ್‌ನಲ್ಲೇ ಹೋಗಿರುತ್ತದೆ, ಒಳ್ಳೆಯ ಬೌಲರ್ ಆಗ ಬೌಂಡರಿ ಹತ್ತಿರ ನಿಂತು ಹುಡುಗರ ಜೊತೆ ಮಾತಾಡುತ್ತಿರುತ್ತಾನೆ.

2024ರ ಟಿ20 ವಿಶ್ವಕಪ್ ಫೈನಲ್ ನೆನಪಿದೆಯಲ್ಲ. ದಕ್ಷಿಣ ಆಫ್ರಿಕಕ್ಕೆ 30 ಎಸೆತದಲ್ಲಿ 30 ಬೇಕಿತ್ತು, ಕ್ಲಾಸೆನ್ ಆಗಷ್ಟೇ ಅಕ್ಷರ್ ಪಟೇಲ್‌ನನ್ನು ಚಚ್ಚಿದ್ದ. ರೋಹಿತ್ ಬುಮ್ರಾನನ್ನು 20ನೆಯ ಓವರ್‌ಗೆ ಅಂತ ಇಟ್ಟುಕೊಳ್ಳಲಿಲ್ಲ. 16ನೆಯದು ಕೊಟ್ಟರು, 4 ರನ್. 18ನೆಯದು ಕೊಟ್ಟರು, 2 ರನ್ ಮತ್ತು ಒಂದು ವಿಕೆಟ್. ಬುಮ್ರಾ ಕೋಟಾ ಅಲ್ಲಿಗೆ ಮುಗಿಯಿತು. ಕೊನೆಯ ಓವರ್ ಹಾರ್ದಿಕ್ ಹಾಕಿದ, 16 ರನ್ ಕಾಯಬೇಕಿತ್ತು, ಕಾಯ್ದ. ಸೂರ್ಯಕುಮಾರ್ ಹಿಡಿದ ಕ್ಯಾಚ್ ಎಲ್ಲರಿಗೂ ನೆನಪಿದೆ, ಆದರೆ ಬೇಕಿದ್ದದ್ದು 16 ಆಗುವಂತೆ ಮಾಡಿದ್ದು ಮೊದಲಿನ ಓವರ್‌ಗಳು. ನಿಮ್ಮ ಯಾರ್ಕರ್ ಹುಡುಗನಿಗೆ ಒಂದು ಓವರ್ ನಡುವೆ ಕೊಡಿ, ಎದುರಾಳಿಯ ಒಳ್ಳೆಯ ಬ್ಯಾಟ್ಸ್‌ಮನ್ ಇನ್ನೂ ನಿಂತಿರುವಾಗ. ಇನ್ನೊಂದು ಏಳನೆಯದು. ಎಂಟನೆಯದನ್ನು ನಿಮ್ಮೂರ ಹುಡುಗನೇ ಹಾಕಲಿ.

ಪ್ರಶ್ನೆ: ನಾನು ಹತ್ತನೇ ತರಗತಿ, ಫಾಸ್ಟ್ ಬೌಲರ್. ಬೇಸ್‌ಬಾಲ್ ಪಿಚರ್‌ಗೆ ಕೋಟಿಗಟ್ಟಲೆ ಸಂಬಳ ಅಂತ ಅಪ್ಪ ಓದಿ ಹೇಳಿದರು. ನಾನೂ ಆಗಬಹುದಾ?
*ನವಲೂರು*

ಉತ್ತರ: ಬೌಲಿಂಗ್ ಬಂದರೆ ಪಿಚಿಂಗ್ ಬರುತ್ತದೆ ಅಂತೇನಿಲ್ಲ. ನಮ್ಮಲ್ಲಿ ಓಡಿ ಬಂದು ಕೈ ನೇರ ಇಟ್ಟು ಹಾಕಬೇಕು. ಅಲ್ಲಿ ನಿಂತಲ್ಲೇ ಕಾಲು ಎತ್ತಿ, ಮೊಣಕೈ ಮಡಿಸಿ, 18.44 ಮೀಟರ್ ದೂರಕ್ಕೆ ಎಸೆಯಬೇಕು. ನೆಲಕ್ಕೆ ಬೀಳೋ ಹಾಗಿಲ್ಲ. 2008ರಲ್ಲಿ ನಮ್ಮ ದೇಶದಲ್ಲಿ ಜೋರಾಗಿ ಎಸೆಯುವವರನ್ನು ಹುಡುಕುವ ಟಿವಿ ಸ್ಪರ್ಧೆ ನಡೆಯಿತು. ಅದರಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದವರು ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಕ್ರಿಕೆಟ್‌ನವರಲ್ಲ, ಜಾವೆಲಿನ್ ಎಸೆಯುವವರು. ಪೈರೇಟ್ಸ್ ಕೂಡ ಕೈ ಬಿಗಿ ತಂಡವೇ. ಇಬ್ಬರೂ ಕೆಳಗಿನ ಲೀಗ್‌ಗಳಲ್ಲಿ ಆಡಿದರು, ಮೇಲಿನ ಲೀಗ್ ಮುಟ್ಟಲಿಲ್ಲ. ರಿಂಕು ಆಮೇಲೆ ಕುಸ್ತಿ ಶೋಗೆ ಹೋದ.

ಕೋಟಿ ಲೆಕ್ಕ ಅಪ್ಪನಿಗೆ ಬಿಡು. ಈಗ ಎಸ್ಸೆಸ್ಸೆಲ್ಸಿ ಮುಗಿಸು. ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಹೋಗಿ ಅಥ್ಲೆಟಿಕ್ಸ್ ಕೋಚ್ ಯಾರಿದ್ದಾರೆ ಕೇಳು, ಅವರ ಮುಂದೆ ಎಸೆದು ತೋರಿಸು. ಅಲ್ಲಿಯ ತನಕ ಮನೆ ಹಿಂದಿನ ಗೋಡೆಗೆ ದಿನಾ ಜೋರಾಗಿ ಚೆಂಡು ಬಡಿಯೋದು ಬೇಡ. ಮೊಣಕೈ ಒಳಬದಿ ನೋಯುತ್ತಿದ್ದರೆ ಎಸೆಯೋದು ನಿಲ್ಲಿಸಿ ಮೊದಲು ಡಾಕ್ಟರ್‌ಗೆ ತೋರಿಸು.